ಬೀಜವೂ ಹಣೆಬರಹವೂ

ಬಿತ್ತಿದಂತೆ ಬೆಳೆ, ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬುದು ಸಹ ಒಂದು ಗಾದೆಯೇ ಆಗಿರುವುದರಿಂದ ಇವುಗಳನ್ನು ಪ್ರಶ್ನಿಸುವ ಧೈರ್ಯ ನಮ್ಮಲ್ಲಿ ಅನೇಕರಿಗೆ ಇಲ್ಲ. ಬೇವಿನ ಬೀಜ ಬಿತ್ತಿದವನು ಮಾವಿನ ಹಣ್ಣಿಗೆ ಕಾಯಬಾರದೆಂಬಷ್ಟರ ಮಟ್ಟಿಗೆ ಈ ಮಾತುಗಳು ಸತ್ಯವೇ ಸರಿ. ಆದರೆ ಹೊಲದಲ್ಲಿ ಹುಟ್ಟಿದ ಗಾದೆಯನ್ನು ಮನೆಯ ಜಗುಲಿಗೂ ಅಲ್ಲಿಂದ ಶಾಲೆಯ ತರಗತಿಗೂ ಎಳೆದುತಂದು, ಗಿಡದ ವಿಷಯವಾಗಿ ಹೇಳಿದ್ದನ್ನು ಮನುಷ್ಯರ ಮಕ್ಕಳ ಮೇಲೆ ಹೇರುವಾಗ ಅದು ಸತ್ಯವಾಗಿಯೇ ಉಳಿಯುತ್ತದೆಯೇ? "ಓದು ಅವರ ರಕ್ತದಲ್ಲಿಯೇ ಇಲ್ಲ" ಎಂದು ಹಿಂದೆ ಹೇಳುತ್ತಿದ್ದರು. ಈಚೆಗೆ ಅದೇ ಮಾತಿಗೆ ವಿಜ್ಞಾನದ ಅಂಗಿ ತೊಡಿಸಿ "ಅದು ಅವರ ಜೀನ್‌ನಲ್ಲಿಯೇ ಇಲ್ಲ" ಎನ್ನುತ್ತಾರೆ. ಬೀಜದ ಹೆಸರಿನಲ್ಲಿ ಸಾಕ್ಷಿ ನುಡಿಯುವವರು ಮೊದಲು ಬೀಜವನ್ನೇ ಒಮ್ಮೆ ಕೇಳಿ ನೋಡಬೇಡವೇ? ಕೇಳಿದರೆ ಅದು ಏನು ಹೇಳುತ್ತದೆಂಬುದೇ ಈ ಲೇಖನದ ವಿಷಯ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಸಸ್ಯಶಾಸ್ತ್ರಕ್ಕೆ ಏನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಚರಿತ್ರೆ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುವ ನಾವೇ ವಂಶ, ಜಾತಿ, ಗುಣ ಎಂಬ ಶಬ್ದಗಳನ್ನು ದಿನಕ್ಕೆ ಹತ್ತು ಸಲ ಬಳಸುವವರು. ಆ ಶಬ್ದಗಳ ಹಿಂದಿರುವ ಜೀವಶಾಸ್ತ್ರವನ್ನು ಸ್ವಲ್ಪವಾದರೂ ತಿಳಿಯದೆ ಬಳಸುವುದು ನಾಣ್ಯವನ್ನು ತಟ್ಟಿ ನೋಡದೆ ಜೇಬಿಗೆ ಹಾಕಿಕೊಂಡಂತೆ ಎಂದು ನನ್ನ ಅಭಿಪ್ರಾಯ.

ವಂಶವಾಹಿಯ ಕಥೆ ಆರಂಭವಾದದ್ದೇ ಬೀಜದಿಂದ. ಬ್ರೂನ್ ನಗರದ ಮಠವೊಂದರ ತೋಟದಲ್ಲಿ ಬಟಾಣಿ ಬೆಳೆಸಿದ ಗ್ರೆಗರ್ ಮೆಂಡೆಲ್ ೧೮೬೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ೭,೩೨೪ ಬಟಾಣಿ ಕಾಳುಗಳ ಲೆಕ್ಕವಿದೆ. ಅವುಗಳಲ್ಲಿ ೫,೪೭೪ ದುಂಡಾಗಿದ್ದವು, ೧,೮೫೦ ಸುಕ್ಕುಗಟ್ಟಿದ್ದವು; ಹೆಚ್ಚು ಕಡಿಮೆ ಮೂರಕ್ಕೆ ಒಂದು. ಕಾಳು ಸುಕ್ಕುಗಟ್ಟುವುದೇಕೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ೧೯೯೦ರಲ್ಲಿ, ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ಸ್ ಸಂಸ್ಥೆಯ ಸಂಶೋಧಕರಿಂದ. ಪಿಷ್ಟದ ಸರಪಣಿಗಳಿಗೆ ಕವಲೊಡೆಸುವ ಒಂದು ಕಿಣ್ವ ಉಂಟು. ಸುಕ್ಕುಕಾಳಿನಲ್ಲಿ ಆ ಕಿಣ್ವದ ವಂಶವಾಹಿಯೊಳಗೆ ಡಿ.ಎನ್.ಎ.ಯ ಬೇರೊಂದು ತುಣುಕು ನುಗ್ಗಿ ಕುಳಿತಿರುತ್ತದೆ. ಕಿಣ್ವ ಕೆಡುತ್ತದೆ, ಪಿಷ್ಟ ಕಡಿಮೆಯಾಗುತ್ತದೆ, ಸಕ್ಕರೆ ಉಳಿದುಬಿಡುತ್ತದೆ. ಸಕ್ಕರೆಯಿದ್ದಲ್ಲಿ ನೀರು ಸೇರುತ್ತದೆ. ಎಳೆಯ ಕಾಳು ನೀರು ತುಂಬಿ ಉಬ್ಬುತ್ತದೆ. ಒಣಗುವಾಗ ಆ ನೀರೆಲ್ಲ ಹೋಗಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ವಂಶವಾಹಿಯಲ್ಲಿ "ಸುಕ್ಕು" ಎಂದು ಎಲ್ಲಿಯೂ ಬರೆದಿಲ್ಲ. ಅದರಲ್ಲಿ ಬರೆದಿರುವುದು ಒಂದು ಕಿಣ್ವವನ್ನು ಕಟ್ಟುವ ಬಗೆ ಮಾತ್ರ. ಅಲ್ಲಿಂದ ಸುಕ್ಕಿನವರೆಗೆ ಪಿಷ್ಟ, ಸಕ್ಕರೆ, ನೀರು, ಬಿಸಿಲು ಎಂಬ ಇಷ್ಟು ಮಜಲುಗಳಿವೆ.

ಇನ್ನೊಂದು ಸಂಗತಿಯನ್ನು ನೋಡೋಣ. ಗಿಡದ ಬೇರಿನಲ್ಲಿಯೂ ಎಲೆಯಲ್ಲಿಯೂ ಹೂವಿನಲ್ಲಿಯೂ ಇರುವ ಜೀವಕೋಶಗಳಲ್ಲಿ ವಂಶವಾಹಿಗಳ ಕಂತೆ ಒಂದೇ. ಹಾಗಿದ್ದಲ್ಲಿ ಎಲೆಯೇಕೆ ಎಲೆಯಾಗಿದೆ, ಬೀಜವೇಕೆ ಬೀಜವಾಗಿದೆ? ಆಯಾ ಸ್ಥಳದಲ್ಲಿ, ಆಯಾ ಕಾಲದಲ್ಲಿ ಆ ಕಂತೆಯ ಕೆಲವು ಹಾಳೆಗಳನ್ನು ಮಾತ್ರ ಓದಲಾಗುತ್ತದೆ, ಉಳಿದವು ಮುಚ್ಚಿರುತ್ತವೆ. ಸಾಸಿವೆಯ ಕುಲಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ ಲೆಕ್-೧ ಎಂಬ ವಂಶವಾಹಿಯೊಂದಿದೆ. ಬೀಜ ರೂಪುಗೊಳ್ಳುವಾಗ ಅದು ಎಚ್ಚರವಾಗಿದ್ದು ಇತರ ಅನೇಕ ವಂಶವಾಹಿಗಳಿಗೆ ಅಪ್ಪಣೆ ಕೊಡುತ್ತದೆ. ಅದು ಕೆಟ್ಟರೆ ಬೀಜದೊಳಗಿನ ದಳಗಳು ಎಲೆಯ ಹಾಗೆ ರೋಮ ಬಿಟ್ಟುಕೊಳ್ಳುತ್ತವೆ. ಅಂಥ ಭ್ರೂಣ ಒಣಗಿದರೆ ಸಾಯುತ್ತದೆ. ಇದಕ್ಕೆ ವಿರುದ್ಧವಾಗಿ, ಬೀಜದಲ್ಲಿ ಮಾತ್ರ ಕೆಲಸ ಮಾಡಬೇಕಾದ ಈ ವಂಶವಾಹಿಯನ್ನು ಎಲೆಯಲ್ಲಿ ಎಚ್ಚರಗೊಳಿಸಿದಾಗ ಎಲೆಯ ಮೇಲೆಯೇ ಭ್ರೂಣದಂಥ ರಚನೆಗಳು ಮೂಡಿದವೆಂದು ಅಮೆರಿಕೆಯ ವಿಜ್ಞಾನಿಗಳು ೧೯೯೮ರಲ್ಲಿ ತೋರಿಸಿದರು. ಎಲೆಯಲ್ಲಿಯೂ ಬೀಜವಾಗುವ ಬರಹ ಇದ್ದೇ ಇತ್ತು, ಓದುವವರಿರಲಿಲ್ಲ, ಅಷ್ಟೆ. ಒಬ್ಬನಲ್ಲಿ ಒಂದು ಶಕ್ತಿ ಕಾಣಿಸದಿದ್ದ ಮಾತ್ರಕ್ಕೆ ಅದು ಅವನಲ್ಲಿ ಇಲ್ಲವೆಂದು ತೀರ್ಪು ಕೊಡುವವರು ಈ ಎಲೆಯನ್ನು ಒಂದು ಗಳಿಗೆ ನೆನೆಯಬೇಕು.

ಅದೂ ಅಲ್ಲದೆ ಬೀಜವೆಂಬುದು ಒಂಟಿ ವಸ್ತುವಲ್ಲ. ಹೊರಗಿನ ಸಿಪ್ಪೆ ಪೂರ್ತಿಯಾಗಿ ತಾಯಿಗಿಡದ್ದು. ಒಳಗಿನ ಭ್ರೂಣ ತಾಯಿತಂದೆಗಳಿಬ್ಬರಿಂದ ಸಮಪಾಲು ಪಡೆದದ್ದು. ಅದಕ್ಕೆ ಉಣಿಸುವ ಅನ್ನಕೋಶ ಸಾಮಾನ್ಯವಾಗಿ ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದು ಪಾಲು ಪಡೆದಿರುತ್ತದೆ. ಈ ಮೂವರೂ ಒಬ್ಬರಿಗೊಬ್ಬರು ಸೂಚನೆ ಕೊಡುತ್ತ ಬೆಳೆದರೆ ಮಾತ್ರ ಬೀಜ ಕೈಗೂಡುತ್ತದೆ. ಅದೇ ಅರಬಿಡಾಪ್ಸಿಸ್ ಗಿಡದಲ್ಲಿ ೧೯೯೮ರಲ್ಲಿ ವಿವರಿಸಿದ ಒಂದು ವಂಶವಾಹಿಗೆ, ಮಕ್ಕಳನ್ನು ಕೊಂದ ಗ್ರೀಕ್ ಪುರಾಣದ ತಾಯಿಯ ನೆನಪಿಗಾಗಿ ಮೆಡೀಯ ಎಂಬ ಹೆಸರಿಟ್ಟಿದ್ದಾರೆ. ತಾಯಿಯಿಂದ ಬಂದ ಅದರ ಪ್ರತಿ ಕೆಟ್ಟಿದ್ದರೆ ತಂದೆಯಿಂದ ಬಂದ ಪ್ರತಿ ಎಷ್ಟೇ ಚೆನ್ನಾಗಿದ್ದರೂ ಬೀಜ ಹಾಳಾಗುತ್ತದೆ. ಏಕೆಂದರೆ ಅನ್ನಕೋಶದಲ್ಲಿ ತಂದೆಯ ಪ್ರತಿ ಮುಚ್ಚಿದ ಪುಸ್ತಕ. ಒಂದೇ ಬರಹ ಯಾರ ಕೈಯಿಂದ ಬಂದಿತೆಂಬುದರ ಮೇಲೆ ಅದನ್ನು ಓದುವುದೋ ಬಿಡುವುದೋ ತೀರ್ಮಾನವಾಗುತ್ತದೆ!

ಇಂಥ ವಿಷಯಗಳು ನಮ್ಮ ಊರಿಗೆ ಹೊಸವೇನೂ ಅಲ್ಲ. ಬಸವನಗುಡಿಯ ಡಿ.ವಿ.ಜಿ.ಯವರ ಪುತ್ರ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಗಳ ಭ್ರೂಣ ಹೇಗೆ ಬೆಳೆಯುತ್ತದೆಂಬುದನ್ನು ಸೂಕ್ಷ್ಮದರ್ಶಕದ ಕೆಳಗೆ ಕಂಡು ಲೋಕಕ್ಕೆ ತಿಳಿಸಿದ ವಿದ್ವಾಂಸರು; ನಮ್ಮ ಸೆಂಟ್ರಲ್ ಕಾಲೇಜಿನಲ್ಲಿದ್ದು, ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದವರು. ಅವರ "ಹಸುರು ಹೊನ್ನು" ಪುಸ್ತಕಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗಿಡದ ಶಾಸ್ತ್ರವನ್ನು ಕನ್ನಡದಲ್ಲಿ, ಅದೂ ನಗುನಗುತ್ತ ಹೇಳಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯನ್ನು ತಿಳಿಯದವರು ನಮ್ಮಲ್ಲಿ ಯಾರೂ ಇರಲಾರರು. ಓಕಳಿಪುರಂ ಕಡೆಯವರಿಗಂತೂ ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಸನ್ನಿಧಿಯಲ್ಲಿಯೂ ಒಂದು ಪರಿಷೆ ಒದಗಿ, ಬಸವಣ್ಣನವರೆಗೆ ಹೋಗುವ ಶ್ರಮ ತಪ್ಪಿದೆ. ಸೇರುಗಟ್ಟಲೆ ಕಾಯಿ ಸುಲಿದು ತಿನ್ನುವ ನಾವು, ಆ ಕಾಯಿ ಮಣ್ಣಿನೊಳಗೆ ಹೇಗೆ ಹೋಯಿತೆಂದು ಕೇಳುವುದು ಅಪರೂಪ. ಬೀಜದ ವಿಷಯವಾಗಿ ನಾನು ಹೇಳಬೇಕೆಂದಿರುವುದನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಗಿಡ ಇದೇ.

ಕಡಲೆಕಾಯಿಯ ಹೂವು ಅರಳುವುದು ನೆಲದ ಮೇಲೆ, ಎಲ್ಲ ಹೂಗಳಂತೆ ಬೆಳಕಿನಲ್ಲಿ. ಹಳದಿ ಬಣ್ಣದ ಆ ಹೂವು ಬೆಳಗಿನ ಹೊತ್ತಿನಲ್ಲಿ ಅರಳಿ, ತನ್ನ ಪರಾಗವನ್ನು ತಾನೇ ಪಡೆದು ಬಾಡುತ್ತದೆ. ಒಳಗೆ ಭ್ರೂಣ ಹುಟ್ಟಿ, ಕೆಲವೇ ಜೀವಕೋಶಗಳಾಗಿ ಒಡೆದು, ಅಷ್ಟಕ್ಕೇ ನಿಂತುಬಿಡುತ್ತದೆ. ಆಮೇಲೆ ಅಂಡಾಶಯದ ಬುಡ ಉದ್ದವಾಗಿ ಬೆಳೆದು ಒಂದು ಮೊಳೆಯಾಗುತ್ತದೆ. ರೈತರು ಅದನ್ನು ಊಡು ಎನ್ನುತ್ತಾರೆ. ಊಡು ಕೆಳಮುಖವಾಗಿ ಇಳಿದು ಮಣ್ಣನ್ನು ಹೊಗುತ್ತದೆ. ಅದರ ತುದಿಯಲ್ಲಿ, ಬೆಳವಣಿಗೆ ನಿಂತ ಭ್ರೂಣ ಕುಳಿತಿರುತ್ತದೆ. ಮಣ್ಣಿನ ಕತ್ತಲೆಗೆ ಸೇರಿ ಕೆಲವು ದಿನಗಳಾದ ಮೇಲೆ ಊಡು ಅಡ್ಡಕ್ಕೆ ತಿರುಗಿ, ತುದಿ ಉಬ್ಬಿ, ನಿಂತಿದ್ದ ಭ್ರೂಣ ಮತ್ತೆ ಬೆಳೆಯತೊಡಗುತ್ತದೆ. ಮೇಲಿನ ರೆಂಬೆಯಲ್ಲಿ ಬಿಟ್ಟ ಹೂವಿನ ಊಡು ನೆಲ ಮುಟ್ಟಲಾರದೆ ಗಾಳಿಯಲ್ಲಿಯೇ ಉಳಿದರೆ ಅದರೊಳಗಿನ ಭ್ರೂಣ ಬೆಳೆಯುವುದಿಲ್ಲ, ಕಡೆಗೆ ಒಣಗಿಹೋಗುತ್ತದೆ.

ನೆಲ ಮುಟ್ಟಿದ ಊಡಿಗೂ ಮುಟ್ಟದ ಊಡಿಗೂ ಬೀಜದಲ್ಲಿ ಏನು ಭೇದ? ಯಾವ ಭೇದವೂ ಇಲ್ಲ. ಒಂದೇ ಗಿಡ, ಒಂದೇ ತಾಯಿತಂದೆ. ಕಡಲೆಕಾಯಿಯ ವಂಶಲಿಪಿಯನ್ನು ವಿಜ್ಞಾನಿಗಳು ೨೦೧೯ರಲ್ಲಿ ಪೂರ್ತಿಯಾಗಿ ಓದಿದ್ದಾರೆ. ಅದರಲ್ಲಿ ೬೦ ಸಾವಿರಕ್ಕೂ ಹೆಚ್ಚು ವಂಶವಾಹಿಗಳಿವೆ. ಅವೆಲ್ಲವೂ ಎರಡು ಊಡುಗಳಲ್ಲಿಯೂ ಸಮನಾಗಿವೆ. ಆದರೆ ಗಾಳಿಯಲ್ಲಿರುವ ಊಡನ್ನೂ ಮಣ್ಣಿಗಿಳಿದ ಊಡನ್ನೂ ಹೋಲಿಸಿ ನೋಡಿದವರಿಗೆ, ಕೆಲಸ ಮಾಡುತ್ತಿರುವ ವಂಶವಾಹಿಗಳು ಬೇರೆ ಬೇರೆಯಾಗಿರುವುದು ಕಂಡುಬಂದಿದೆ. ಬೆಳಕನ್ನು ಗುರುತಿಸುವವು ಮತ್ತು ಹಾರ್ಮೋನುಗಳಿಗೆ ಸಂಬಂಧಿಸಿದವು ಅವುಗಳಲ್ಲಿ ಮುಖ್ಯವಾದವು. ಬೆಳಕಿರುವವರೆಗೆ "ಇನ್ನೂ ನೆಲ ಸಿಕ್ಕಿಲ್ಲ, ಇಳಿಯುತ್ತಿರು" ಎಂಬ ಆಜ್ಞೆ ನಡೆಯುತ್ತದೆ. ಕತ್ತಲಾದೊಡನೆ "ಸ್ಥಳ ಸಿಕ್ಕಿತು, ಈಗ ಬೆಳೆ" ಎಂಬ ಆಜ್ಞೆ ಹೊರಡುತ್ತದೆ.

ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಕಾಯಿ ತುಂಬಬೇಕಾದರೆ ಸುಣ್ಣದ ಅಂಶ ಬೇಕು. ಬೇರು ಹೀರಿದ ಸುಣ್ಣ ನೀರಿನೊಡನೆ ಎಲೆಗಳ ಕಡೆಗೆ ಏರಿಹೋಗುತ್ತದೆಯೇ ಹೊರತು ನೆಲದೊಳಗಿರುವ ಕಾಯಿಗೆ ಹಿಂದಿರುಗಿ ಬರುವುದು ತೀರ ಕಡಿಮೆ. ಆದ್ದರಿಂದ ಬೆಳೆಯುತ್ತಿರುವ ಕಾಯಿ ತನ್ನ ಸುತ್ತಲಿನ ಮಣ್ಣಿನಿಂದಲೇ ಸುಣ್ಣವನ್ನು ತನ್ನ ಸಿಪ್ಪೆಯ ಮೂಲಕ ಹೀರಿಕೊಳ್ಳಬೇಕು. ಮಣ್ಣಿನ ಆ ಮೇಲು ಪದರದಲ್ಲಿ ಸುಣ್ಣವಿಲ್ಲದಿದ್ದರೆ ಗಿಡ ಎಷ್ಟೇ ಹಸುರಾಗಿದ್ದರೂ ಕಾಯಿ ಜೊಳ್ಳು. ಊಡು ಇಳಿಯುವ ಕಾಲಕ್ಕೆ ಗಿಡದ ಬುಡಕ್ಕೆ ಜಿಪ್ಸಂ ಹಾಕಿ ಮಣ್ಣು ಏರಿಸಬೇಕೆಂದು ಕೃಷಿ ವಿಶ್ವವಿದ್ಯಾನಿಲಯಗಳು ನಮ್ಮ ರೈತರಿಗೆ ಹೇಳುವುದು ಈ ಕಾರಣದಿಂದಲೇ. ಕಾಯಿ ಬಲಿತ ಮೇಲೆ ಹಾಕಿದ ಜಿಪ್ಸಂ ಆ ವರ್ಷದ ಬೆಳೆಗೆ ಏನೂ ಪ್ರಯೋಜನವಿಲ್ಲ.

ಇಷ್ಟರಿಂದ ಬೀಜಗುಣವೆಂಬುದೇ ಇಲ್ಲ, ಎಲ್ಲವೂ ನೆಲದ ಮಹಿಮೆ ಎಂದು ಯಾರಾದರೂ ಅರ್ಥಮಾಡಿಕೊಂಡರೆ ಅದು ನನ್ನ ಅಭಿಪ್ರಾಯವಲ್ಲ. ತಿಂಡಿವನಂನಿಂದ ೧೯೪೦ರಲ್ಲಿ ಹೊರಬಂದ ಟಿ.ಎಂ.ವಿ.-೨ ಎಂಬ ತಳಿಯನ್ನು ಪಾವಗಡ, ಚಳ್ಳಕೆರೆಗಳ ಮಳೆಯಾಶ್ರಿತ ಹೊಲಗಳಲ್ಲಿ ತಲೆಮಾರುಗಳಿಂದ ಬೆಳೆದಿದ್ದಾರೆ. ಆ ಜಾತಿಯ ಗೊಂಚಲು ಕಡಲೆಕಾಯಿಯ ಬೀಜಕ್ಕೆ ಕಾಯುವ ಗುಣವಿಲ್ಲ. ಕೀಳುವ ಹೊತ್ತಿಗೆ ಮಳೆ ಹಿಡಿದರೆ ಕಾಯಿ ನೆಲದೊಳಗೇ ಮೊಳೆತು, ರೈತನ ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ. ಹಬ್ಬುವ ಜಾತಿಯ ಕಡಲೆಕಾಯಿಯಲ್ಲಿ ಬಲಿತ ಬೀಜ ಕೆಲವು ವಾರಗಳವರೆಗಾದರೂ ನಿದ್ರಿಸುತ್ತದೆ. ಈ ನಿದ್ರೆ ವಂಶದಿಂದ ಬಂದದ್ದು. ರೈತನ ಆರೈಕೆಯಿಂದ ಬರುವುದಲ್ಲ. ಹಾಗೆಯೇ ಎಣ್ಣೆಯ ಗುಣ. ಸಾಮಾನ್ಯ ಕಡಲೆಕಾಯಿಯ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಅರ್ಧದಷ್ಟು ಇದ್ದರೆ, ಎರಡು ವಂಶವಾಹಿಗಳಲ್ಲಿ ಒಂದೊಂದು ಅಕ್ಷರದ ವ್ಯತ್ಯಾಸವಾದ ತಳಿಗಳಲ್ಲಿ ಅದು ನೂರಕ್ಕೆ ೮೦ರ ಹತ್ತಿರ ಏರುತ್ತದೆ; ಎಣ್ಣೆ ಬೇಗ ಕಮಟುವುದಿಲ್ಲ. ಅಂಥ ಗಿರ್ನಾರ್-೪, ಗಿರ್ನಾರ್-೫ ಎಂಬ ತಳಿಗಳು ೨೦೨೦ರಲ್ಲಿ ನಮ್ಮ ದೇಶದ ರೈತರಿಗೆ ದೊರೆತವು. ಜಿಪ್ಸಂ ಎಷ್ಟು ಸುರಿದರೂ ಹಳೆಯ ತಳಿಗೆ ಈ ಗುಣ ಬರುವುದಿಲ್ಲ. ಬೀಜವೂ ಬೇಕು, ನೆಲವೂ ಬೇಕು. ಒಂದರ ಲೆಕ್ಕವನ್ನು ಇನ್ನೊಂದರ ಖಾತೆಗೆ ಬರೆಯಬಾರದು.

ಈ ಎರಡು ಖಾತೆಗಳನ್ನು ಬೆರೆಸಿದವರಿಂದ ಜಗತ್ತು ಪಟ್ಟ ಪಾಡು ಅಷ್ಟಿಷ್ಟಲ್ಲ. ಎಲ್ಲವೂ ಬೀಜವೇ ಎಂದು ನಂಬಿದವರು "ಕೀಳು ಬೀಜ" ಎಂದು ತಾವು ಕರೆದ ಮನುಷ್ಯರಿಗೆ ಸಂತಾನವಿರಬಾರದೆಂದು ಕಾನೂನು ಮಾಡಿದರು. ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ ೧೯೨೭ರಲ್ಲಿ ಅಂಥ ಕಾನೂನನ್ನು ಎತ್ತಿಹಿಡಿಯಿತು. ಜರ್ಮನಿಯಲ್ಲಿ ೧೯೩೩ರಲ್ಲಿ ಬಂದ ಕಾನೂನು ಮುಂದೆ ಎಲ್ಲಿಗೆ ಮುಟ್ಟಿತೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಎಲ್ಲವೂ ನೆಲವೇ ಎಂದು ನಂಬಿದ ಲೈಸೆಂಕೋ ಸೋವಿಯೆತ್ ದೇಶದಲ್ಲಿ ಅಧಿಕಾರ ಹಿಡಿದು, ೧೯೪೮ರಲ್ಲಿ ವಂಶವಾಹಿಯ ಶಾಸ್ತ್ರವನ್ನೇ ಅಲ್ಲಿಂದ ಹೊರಗಟ್ಟಿದನು. ಅದಕ್ಕೆ ಮೊದಲೇ, ಜಗತ್ತಿನ ಬೆಳೆಗಳ ಬೀಜವನ್ನು ಕೂಡಿಟ್ಟಿದ್ದ ನಿಕೊಲಾಯ್ ವಾವಿಲೋವ್ ೧೯೪೩ರಲ್ಲಿ ಸೆರೆಮನೆಯಲ್ಲಿ ಪ್ರಾಣಬಿಟ್ಟಿದ್ದನು. ಲೆನಿನ್‌ಗ್ರಾಡಿಗೆ ಶತ್ರುವಿನ ಮುತ್ತಿಗೆ ಬಿದ್ದಾಗ ಅವನ ಸಹೋದ್ಯೋಗಿಗಳು ಕಾಳುಗಳ ಮೂಟೆಗಳ ನಡುವೆ ಇದ್ದೂ ಒಂದು ಕಾಳನ್ನು ತಿನ್ನದೆ ಹಸಿವಿನಿಂದ ಸತ್ತರು. ಅವರಲ್ಲೊಬ್ಬ ಕಡಲೆಕಾಯಿಯ ತಜ್ಞ, ಅಲೆಕ್ಸಾಂಡರ್ ಶ್ಚುಕಿನ್. ತನ್ನ ಮೇಜಿನ ಬಳಿಯೇ ಪ್ರಾಣಬಿಟ್ಟವನು. ಬೀಜದ ಬೆಲೆ ಅವನಿಗೆ ತಿಳಿದಿದ್ದಷ್ಟು ಬೀಜದ ಹೆಸರಿನಲ್ಲಿ ಜಂಬ ಕೊಚ್ಚುವವರಿಗೆ ತಿಳಿದಿರಲಾರದು.

ಇನ್ನು ನಮ್ಮ ವಿಷಯಕ್ಕೆ ಬರೋಣ. ಓಕಳಿಪುರಂ ರೈಲು ಹಳಿಗಳ ಮಗ್ಗುಲಲ್ಲಿ ಬೆಳೆದ ಬಡಾವಣೆ. ಅದರ ಆಸುಪಾಸಿನಲ್ಲಿ ಹಿಂದೆ ಗಿರಣಿಗಳ ಕೂಗು ಕೇಳುತ್ತಿತ್ತು. ಈಗ ಅವು ಮುಚ್ಚಿವೆ. ಈ ಕಡೆಯಿಂದಲೂ ಶ್ರೀರಾಮಪುರದ ಕಡೆಯಿಂದಲೂ ಸರ್ಕಾರಿ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಮನೆತನಕ್ಕೇ ಮೊದಲು ಪದವಿ ತರಗತಿಯ ಮೆಟ್ಟಲು ಹತ್ತಿದವರು ಎಷ್ಟೋ ಮಂದಿ. ಸಮಾರಂಭವೊಂದರಲ್ಲಿ ಹಿರಿಯರೊಬ್ಬರು, ಓದು ಕೆಲವು ಮನೆತನಗಳಿಗೆ ಬೀಜದಲ್ಲಿಯೇ ಬಂದಿರುತ್ತದೆ, ಇತರರು ಕೈಕಸುಬು ಕಲಿತರೆ ಸುಖವಾಗಿರುತ್ತಾರೆ ಎಂದು ಸದ್ಭಾವನೆಯಿಂದಲೇ ಉಪದೇಶಿಸಿದ್ದನ್ನು ನಾನು ಕೇಳಿದ್ದೇನೆ. ಮುಂದಿನ ಸಾಲಿನಲ್ಲಿದ್ದವರು ಕೈತಟ್ಟಿದರು. ಹಿಂದಿನ ಬೆಂಚುಗಳಲ್ಲಿದ್ದವರು ತಲೆ ತಗ್ಗಿಸಿದರು. ಕೈಕಸುಬಿನಲ್ಲಿ ಅವಮಾನವೇನೂ ಇಲ್ಲ. ಆದರೆ ಆ ಉಪದೇಶಕ್ಕೆ ಬೀಜವನ್ನು ಸಾಕ್ಷಿಗೆ ಕರೆದದ್ದು ಸುಳ್ಳುಸಾಕ್ಷಿ. ಮೂರು ತಲೆಮಾರು ಗಾಳಿಯಲ್ಲಿ ತೂಗಿದ ಊಡನ್ನು ತೋರಿಸಿ ಇದರಲ್ಲಿ ಕಾಯಿಯ ಗುಣವೇ ಇಲ್ಲವೆಂದರೆ, ಕಡಲೆಕಾಯಿ ಬೆಳೆದ ಯಾವ ರೈತನೂ ಒಪ್ಪುವುದಿಲ್ಲ. ಅವನು ಗಿಡದ ಬುಡಕ್ಕೆ ಮಣ್ಣು ಏರಿಸುತ್ತಾನೆ.

ಮನುಷ್ಯರು ಕಡಲೆಕಾಯಿಯ ಗಿಡಗಳಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪಿದೆ. ಅರವತ್ತು ಚಿಲ್ಲರೆ ಸಾವಿರ ವಂಶವಾಹಿಗಳ ಗಿಡದಲ್ಲಿಯೇ ಒಂದು ಕಾಳಿನ ಭವಿಷ್ಯವನ್ನು ಬೀಜ ನೋಡಿ ಹೇಳಲಾಗದಿದ್ದರೆ, ಭಾಷೆ, ಶಾಲೆ, ಗೆಳೆತನ, ಬಡತನಗಳ ನಡುವೆ ಬೆಳೆಯುವ ಮನುಷ್ಯನ ಬುದ್ಧಿಯ ಭವಿಷ್ಯವನ್ನು ಅವನ ಕುಲ ನೋಡಿ ಹೇಳುವುದು ಇನ್ನೆಷ್ಟು ದುಡುಕಿನ ಮಾತು! ಹೋಲಿಕೆಯನ್ನು ಮೊದಲು ತಂದವನೂ ನಾನಲ್ಲ. ಗಾದೆ ಹೇಳಿದವರು ತಂದದ್ದು.

ಹೋಲಿಕೆ ಬಂದೇ ಬಂದಿರುವುದರಿಂದ ಅದರ ಇನ್ನೊಂದು ಪಾಠವನ್ನೂ ಕಲಿಯೋಣ. ಕಾಯಿಗೆ ಬೇಕಾದ ಸುಣ್ಣವನ್ನು ಕಾಯಿಯ ಬಳಿಯೇ, ಊಡು ಇಳಿಯುವ ಕಾಲದಲ್ಲಿಯೇ ಕೊಡಬೇಕಲ್ಲವೇ? ವಿದ್ಯಾರ್ಥಿವೇತನದ ಹಣ ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ಕೈಸೇರಿದರೆ, ಕಾಯಿ ಬಲಿತ ಮೇಲೆ ಹಾಕಿದ ಜಿಪ್ಸಂನಂತಾಗುತ್ತದೆ. ಗ್ರಂಥಾಲಯ ಸಂಜೆ ಐದಕ್ಕೆ ಮುಚ್ಚಿದರೆ, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿಯೋ ಉಗ್ರಾಣದಲ್ಲಿಯೋ ದುಡಿದು ಓದುವವನಿಗೆ ಅದು ಇದ್ದೂ ಇಲ್ಲದಂತೆ. ಒಂದೇ ಕೋಣೆಯ ಮನೆಯಲ್ಲಿ ಆರು ಜನರ ನಡುವೆ ಕುಳಿತು ಓದಬೇಕಾದ ಹುಡುಗಿಗೆ ರಾತ್ರಿ ಒಂಬತ್ತರವರೆಗೆ ತೆರೆದ ವಾಚನಾಲಯವೊಂದು ಬಡಾವಣೆಯಲ್ಲಿದ್ದರೆ ಅದೇ ಅವಳಿಗೆ ದೊರೆತ ನೆಲ. ಇಂಥ ಚಿಕ್ಕ ಏರ್ಪಾಡುಗಳನ್ನು ಮಾಡದೆ, ಫಲಿತಾಂಶದ ಪಟ್ಟಿ ಹಿಡಿದು ಬೀಜವನ್ನು ದೂರುವುದು ಆಡಳಿತಗಾರರಿಗೂ ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಬಹು ಸುಲಭವಾದ ಕೆಲಸ. ಸುಲಭವಾದುದರಿಂದಲೇ ಎಲ್ಲರೂ ಅದನ್ನು ಮಾಡುತ್ತಾರೆ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ನನ್ನ ಹಣೆಬರಹವೇ ಇಷ್ಟು ಎಂದು ಕೈಚೆಲ್ಲಿ ಕೂರುವುದಕ್ಕೂ ಬೀಜ ನಮಗೆ ಅನುಮತಿ ಕೊಡುವುದಿಲ್ಲ. ಊಡು ನೆಲವನ್ನು ಕುರಿತು ತಾನಾಗಿಯೇ ಇಳಿಯುತ್ತದೆ. ನೆಲ ಎದ್ದುಬಂದು ಅದನ್ನು ಮುಟ್ಟುವುದಿಲ್ಲ. ತೆರೆದಿರುವ ವಾಚನಾಲಯಕ್ಕೆ ಹೋಗದವನಿಗೆ ವಾಚನಾಲಯ ಕೇಳುವ ಹಕ್ಕು ಬಹಳ ಕಾಲ ಉಳಿಯದು.

ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ್ದು. ಎರಡು ಕಾಡುಗಿಡಗಳು ಅಲ್ಲೆಲ್ಲೋ ಬೆರೆತು ಹುಟ್ಟಿದ ಈ ಬೆರಕೆಯ ಬೀಜ ಸಮುದ್ರ ದಾಟಿ ಬಂದು, ನಮ್ಮ ಕೆಂಪು ಮಣ್ಣಿನಲ್ಲಿ ಇಳಿದು, ಬಸವಣ್ಣನ ನೈವೇದ್ಯಕ್ಕೂ ಬಂದಿದೆ. ಅದರ ಕುಲಗೋತ್ರಗಳನ್ನು ನಾವು ಯಾರೂ ಕೇಳಲಿಲ್ಲ. ನೆಲ ಕೊಟ್ಟೆವು, ಅದು ಕಾಯಿ ಕೊಟ್ಟಿತು. ಇಷ್ಟು ಔದಾರ್ಯವನ್ನು ಒಂದು ಕಾಳಿಗೆ ತೋರಿದ ಊರು ತನ್ನ ಮಕ್ಕಳಿಗೂ ತೋರಬೇಕೆಂದು ಕೇಳುವುದು ಅತಿಯಾಸೆಯಾಗಲಾರದು.